ಊರುಗೋಲಿನ ಹಿಡಿ
ಏಳನೆಯ ಕಂತು: ಮೂವತ್ತು ಜನರ ಮುಂದೆ

"ಕಳ್ಳ ಅಂದಿದ್ದು ಎಲ್ಲರ ಮುಂದೆ. ಕ್ಷಮೆ ಕೇಳೋದು ಮಾತ್ರ ಬಾಗಿಲು ಮುಚ್ಚಿಕೊಂಡಾ?"

ಕಾರ್ಯಾಗಾರದ ಫಿಟ್ಟರ್ ಕೈಯಲ್ಲಿದ್ದ ಅರವನ್ನು ಕೆಳಗಿಡದೆಯೇ ಕೇಳಿದರು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತು ತನಿಖೆಗಾರ್ತಿಗೆ. ಬೈಸಿಕೊಂಡು ಹಗುರಾಗಿ ಹೋಗಬಹುದಿತ್ತು.

ಹಿಂದಿನ ದಿನ ಅವರ ಬೀರುವಿನ ಬೀಗ ಒಡೆಸಿ, ಕಾಣೆಯಾಗಿದ್ದ ಊರುಗೋಲಿನ ಹಿಡಿಯನ್ನು ಹೊರಗೆ ತೆಗೆಸಿದ್ದು ಅವಳೇ. ಬೇಸಿಗೆ ಶಿಬಿರದ ಮೂವತ್ತು ವಿದ್ಯಾರ್ಥಿಗಳೂ ಸುತ್ತ ನಿಂತು ನೋಡಿದ್ದರು. ಯಾರೋ ಫೋನಿನಲ್ಲಿ ಚಿತ್ರವನ್ನೂ ತೆಗೆದಿದ್ದರು.

ಕೆಲಸದ ದಾಖಲೆ ಪುಸ್ತಕವನ್ನು ಅವಳು ನೋಡಿದ್ದು ಅದೆಲ್ಲ ಮುಗಿದ ಮೇಲೆ. ಕಾರ್ಯಾಗಾರದ ಬಾಗಿಲ ಪಕ್ಕದಲ್ಲೇ ಮೊಳೆಗೆ ನೇತುಹಾಕಿದ್ದ ಪುಸ್ತಕ. ಅದರಲ್ಲಿ ಫಿಟ್ಟರ ದುಂಡು ಅಕ್ಷರದಲ್ಲಿ, ಹಿಡಿ ಕಾಣೆಯಾಗಿದೆ ಎಂದು ದೂರು ಬರುವ ಎರಡು ದಿನ ಮೊದಲೇ ಬರೆದಿತ್ತು: 'ಪ್ಲಾಸ್ಟಿಕ್ ಹಿಡಿ ಒಂದು. ಬಿರುಕು. ರಿಪೇರಿಗೆ.' ಕೊಟ್ಟವರ ಹೆಸರಿನ ಜಾಗ ಮಾತ್ರ ಖಾಲಿ.

ಕದ್ದ ಮಾಲನ್ನು ಯಾವ ಕಳ್ಳನೂ ದಾಖಲೆಗೆ ಸೇರಿಸುವುದಿಲ್ಲ.

ಇಪ್ಪತ್ತೆರಡು ವರ್ಷ ವಿಮಾ ಕಂಪನಿಯಲ್ಲಿ ಸುಟ್ಟ ಗೋದಾಮು, ಮುಳುಗಿದ ಲಾರಿಗಳನ್ನು ಪರೀಕ್ಷೆ ಮಾಡಿದವಳು; ಅದಕ್ಕೇ ಶಿಬಿರದವರು ಈ ತನಿಖೆಗೆ ಕರೆಸಿದ್ದರು. ಕೈಕೆಳಗಿನವರಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠವೇ ಅದು: ಬೀಗ ಒಡೆಯುವ ಮೊದಲು ಪುಸ್ತಕ ಓದು. ಕಲಿಸಿದ್ದನ್ನು ತಾನೇ ಮರೆತಿದ್ದಳು. ಪುಸ್ತಕ ಓದಿ ಎದುರಿಗಿದ್ದ ಮನುಷ್ಯನ ಮುಖ ನೋಡಿದಾಗ, ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತ್ತು.

"ನೀವು ಹೇಳೋದು ಸರಿ," ಅಂದಳು. "ಎಲ್ಲರ ಮುಂದೆಯೇ ಕೇಳ್ತೀನಿ."

'ನೀವು' ಎಂಬ ಮಾತು ಬಾಯಿಂದ ಹೊರಬಿದ್ದಾಗ ಅವಳಿಗೆ ಇನ್ನೊಂದು ನೆನಪಾಯಿತು. ನಿನ್ನೆ 'ಬೀರು ತೆಗಿ' ಅಂದಿದ್ದಳು. ತನಗಿಂತ ಹಿರಿಯರಾದ ಮನುಷ್ಯನಿಗೆ.

ಫಿಟ್ಟರಿಗೂ ಅದು ನೆನಪಾಗಿರಬೇಕು. ಅರದ ಮೇಲಿನ ಪುಡಿ ಊದಿದರು.

"ಹಿಡಿ ಯಾರು ತಂದುಕೊಟ್ಟಿದ್ದು?"

"ಹೇಳಬೇಡಿ ಅಂದಿದ್ದಾರೆ."

"ಈ ಬಿರುಕು ಹೇಗೆ ಬಂತು?" ಅವಳು ಹಿಡಿಯನ್ನು ಅವರ ಮೇಜಿನ ಮೇಲಿಟ್ಟಳು.

ಅವರು ಬಗ್ಗಿ ನೋಡಲಿಲ್ಲ. "ಬಿದ್ದಿರಬೇಕು."

"ಮತ್ತೆ ಆ ನೋಟ್‌ಪುಸ್ತಕ? ನೀಲಿ ರಟ್ಟಿನದು?"

"ಬೀರು ಪೂರ್ತಿ ನೋಡಿದ್ದೀರಲ್ಲ ಮೇಡಂ. ಇನ್ನೇನಾದರೂ ಸಿಕ್ಕಿತಾ?"

ಬೇರೆ ಯಾವತ್ತಾದರೂ ಆಗಿದ್ದರೆ ಅವಳು ಅಲ್ಲೇ ಕುರ್ಚಿ ಎಳೆದು ಕೂರುತ್ತಿದ್ದಳು. ಪ್ರಶ್ನೆಗೆ ಪ್ರಶ್ನೆಯೇ ಉತ್ತರವಾಗಿ ಬಂದರೆ ಅದರ ಹಿಂದೆ ಏನೋ ಇದೆ ಎಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಒಮ್ಮೆ ಅವಮಾನ ಮಾಡಿದ ಮನುಷ್ಯನನ್ನು ಮತ್ತೆ ಕೆದಕಲು ನಾಲಿಗೆ ಏಳಲಿಲ್ಲ. ಹಿಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು.

ಹಿಂದೊಮ್ಮೆ ಮುದ್ರಣಾಲಯವಾಗಿದ್ದ ಕಟ್ಟಡ ಅದು. ಯಂತ್ರಗಳು ಹೋಗಿದ್ದವು, ಮಸಿಯ ವಾಸನೆ ಗೋಡೆಯಲ್ಲಿ ಉಳಿದಿತ್ತು. ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ರಜೆಯ ಎರಡು ತಿಂಗಳು ಇಲ್ಲಿದ್ದು, ತಂತ್ರಜ್ಞಾನದಿಂದ ಒಂದು ಉದ್ದಿಮೆ ಕಟ್ಟುವುದು ಹೇಗೆ ಎಂದು ಕಲಿಯುತ್ತಿದ್ದರು. ಯಾರಿಗೆ ಏನು ಬೇಕು ಎಂದು ಜನರನ್ನು ಕೇಳುವುದು, ಬೇಕಾದ್ದರ ಮಾದರಿ ಮಾಡುವುದು, ಕೊನೆಯ ದಿನ ಬಂಡವಾಳ ಹಾಕುವವರ ಮುಂದೆ ಐದೇ ನಿಮಿಷದಲ್ಲಿ ಹೇಳಿ ಒಪ್ಪಿಸುವುದು. ದೊಡ್ಡ ಸಭಾಂಗಣದ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರು: 'ಬೇಗ ಸೋಲಿ, ಬೇಗ ಕಲಿಯಿರಿ.'

ಕೊನೆಯ ದಿನಕ್ಕೆ ಇನ್ನು ಎರಡೇ ದಿನ ಉಳಿದಿತ್ತು.

ಎಲ್ಲರ ಕಣ್ಣಿದ್ದದ್ದು ಊರುಗೋಲಿನ ಹಿಡಿಯ ಮೇಲೆ. ಮಾಡಿದ್ದು ಇಬ್ಬರ ತಂಡ. ಒಬ್ಬನಿಗೆ ಶಿಬಿರದಲ್ಲಿ 'ಕ್ಯಾಪ್ಟನ್' ಎಂದೇ ಹೆಸರು. ಮಾತಿನಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಡುವಂಥ ಹುಡುಗ. ಇನ್ನೊಬ್ಬಳು 'ಸ್ಕ್ರೂ'. ತುರುಬಿಗೆ ಯಾವಾಗಲೂ ಪುಟ್ಟ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದಳು, ಅದಕ್ಕೆ ಆ ಹೆಸರು. ವಯಸ್ಸಾದವರ ಊರುಗೋಲಿಗೆ ಈ ಹಿಡಿ ಸಿಕ್ಕಿಸಿದರೆ ಸಾಕು. ಅವರು ಬಿದ್ದ ಕೂಡಲೇ ಮನೆಯವರ ಫೋನು ಬಡಿದುಕೊಳ್ಳುತ್ತದೆ. ಒಂದು ವೃದ್ಧಾಶ್ರಮದವರು ಆಗಲೇ ನಲವತ್ತು ಹಿಡಿ ಬೇಕು ಎಂದಿದ್ದರು. ಯಾರ ಯಾರ ಕೈಗೆ ಕೊಟ್ಟು ನೋಡಿದೆವು, ಏನಾಯಿತು ಎಂಬುದೆಲ್ಲ ನೀಲಿ ರಟ್ಟಿನ ನೋಟ್‌ಪುಸ್ತಕದಲ್ಲಿತ್ತು. ಹಿಡಿ ಸಿಕ್ಕಿತ್ತು. ಪುಸ್ತಕ ಇನ್ನೂ ಸಿಕ್ಕಿರಲಿಲ್ಲ.

"ಎಲ್ಲರ ಮುಂದೆ ಕ್ಷಮೆ ಯಾಕೆ?" ಎಂದರು ಶಿಬಿರದ ಮುಖ್ಯಸ್ಥರು, ಹಣೆಯ ಬೆವರು ಒರೆಸಿಕೊಳ್ಳುತ್ತ. "ಒಂದು ಪತ್ರ ಬರೆದುಕೊಟ್ಟರೆ ಆಗಲ್ವಾ? ಮಕ್ಕಳ ಗಮನ ಬೇರೆ ಕಡೆ ಹೋಗುತ್ತೆ."

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೀವಿ ಸರ್. ಎಮ್ಮೆಗೆ ಪತ್ರ ಬರೆದರೆ ಸಾಲಲ್ಲ."

ಅದೇ ದಿನ ಬೆಳಗಿನ ಸಭೆಯಲ್ಲಿ ಅವಳು ವೇದಿಕೆ ಹತ್ತಲಿಲ್ಲ. ಕೆಳಗೇ, ಕುರ್ಚಿಗಳ ಸಾಲಿನ ಎದುರಿಗೆ ನಿಂತಳು. ಫಿಟ್ಟರ್ ಬಾಗಿಲ ಪಕ್ಕ, ಎಣ್ಣೆಯ ಕಲೆಯ ನಿಲುವಂಗಿಯಲ್ಲೇ ನಿಂತಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿನ್ನೆ ನಾನು ಒಬ್ಬರನ್ನು ಕಳ್ಳ ಅಂದೆ," ಎಂದು ಶುರು ಮಾಡಿದಳು. ಮುಂದಿನ ಮಾತು ಸಿದ್ಧವಾಗಿತ್ತು, ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದಳು. ಅದನ್ನು ಬಿಟ್ಟು ಬೇರೆಯೇ ಹೇಳಿದಳು. "ತಪ್ಪು ಮಾಡಿದೆ. ನೋಡಬೇಕಾದ್ದನ್ನು ನೋಡಲಿಲ್ಲ. ನೋಡದೆಯೇ ಅವರ ಬೀರು ಒಡೆಸಿದೆ. ಇವರು ಏನನ್ನೂ ಕದ್ದಿಲ್ಲ. ನಿನ್ನೆ ಇಲ್ಲಿ ಯಾರು ಯಾರು ಏನೇನು ನೋಡಿದಿರೋ, ಅದಕ್ಕೆ ಹೊಣೆ ನಾನು. ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ."

ಕೊನೆಯ ಮಾತನ್ನು ಅವಳು ಫಿಟ್ಟರ ಕಡೆ ತಿರುಗಿ ಹೇಳಿದಳು. ಅವರು ತಲೆಯನ್ನು ಒಂದಿಷ್ಟು ಆಡಿಸಿದರು. ಒಪ್ಪಿದೆ ಎಂದೋ, ಸಾಕು ಮಾಡಿ ಎಂದೋ ತಿಳಿಯಲಿಲ್ಲ.

ಮೊದಲು ಚಪ್ಪಾಳೆ ತಟ್ಟಿದವನು ಕ್ಯಾಪ್ಟನ್. ಉಳಿದವರೂ ಸೇರಿಕೊಂಡರು. ಚಪ್ಪಾಳೆ ನಿಲ್ಲುವ ಮೊದಲೇ ಅವನು ಎದ್ದು ನಿಂತಿದ್ದ.

"ಮೇಡಂ, ಹಾಗಾದರೆ ನಮ್ಮ ಪುಸ್ತಕ ಎಲ್ಲಿ? ನಾಡಿದ್ದು ನಾವು ಏನು ತೋರಿಸಬೇಕು?"

"ಹುಡುಕ್ತಿದ್ದೀನಿ."

"ಹುಡುಕೋ ರೀತಿ ನೋಡಿದ್ವಿ ಬಿಡಿ," ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು. ಒಂದಿಷ್ಟು ನಗು. ಅದು ಅವಳಿಗೆ ಸಲ್ಲಬೇಕಾದ ನಗುವೇ. ನುಂಗಿಕೊಂಡಳು.

ಆದರೆ ನುಂಗುವಾಗಲೂ ಕಣ್ಣು ಸುಮ್ಮನಿರಲಿಲ್ಲ, ಹಳೆಯ ಅಭ್ಯಾಸ. ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಜನ ಅವಳನ್ನು ನೋಡುತ್ತಿದ್ದರು. ಒಬ್ಬಳು ಮಾತ್ರ ನೋಡುತ್ತಿರಲಿಲ್ಲ. ಸ್ಕ್ರೂ ತಲೆ ಬಗ್ಗಿಸಿ ತನ್ನ ಶೂಗಳ ದಾರವನ್ನು ನೋಡುತ್ತಿದ್ದಳು. ಕಿವಿಯ ತುದಿ ಕೆಂಪಾಗಿತ್ತು. ಚಪ್ಪಾಳೆಗೂ ಕೈ ಎತ್ತಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಕಳ್ಳನಲ್ಲ ಎಂದಾಗ ಮುಖ ಮುಚ್ಚಿಕೊಳ್ಳುವವರನ್ನು ನೋಡಿದ್ದು ಇದೇ ಮೊದಲು.

ಮುಖ್ಯಸ್ಥರ ಕೋಣೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಅವಳು ಕದ ಹಾಕಿಕೊಂಡು ಕುಳಿತಳು. ಹಿಡಿಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ತೆಗೆದಳು.

ಮೇಲಿನಿಂದ ಒಂದು ಸಲ ಬಿದ್ದ ಪ್ಲಾಸ್ಟಿಕ್ಕಿಗೆ ಒಂದು ಜಾಗದಲ್ಲಿ ಪೆಟ್ಟಾಗುತ್ತದೆ; ಬಿರುಕು ಅಲ್ಲಿಂದ ಹರಡುತ್ತದೆ. ಇದು ಹಾಗಿರಲಿಲ್ಲ. ಒಂದೇ ಅಂಚಿನಲ್ಲಿ, ಹೆಬ್ಬೆರಳಿನಷ್ಟು ಜಾಗದಲ್ಲಿ, ಒಂದರ ಮೇಲೊಂದು ನೂರಾರು ಸಣ್ಣ ಜಜ್ಜಿದ ಗುರುತುಗಳು. ಜಜ್ಜಿದ ಕಡೆ ಬಿಳಿ ಪುಡಿ ಅಂಟಿತ್ತು. ಉಗುರಿನಿಂದ ಕೆರೆದು ಕಾಗದದ ಮೇಲೆ ಬೀಳಿಸಿದಳು. ಹೊಳೆಯುವ, ಗಾಜಿನಂಥ ಚೂರುಗಳು. ಸ್ನಾನದ ಮನೆಯ ನೆಲಕ್ಕೆ ಹಾಕುವ ಟೈಲ್ಸ್.

ಯಾರೋ ಇದನ್ನು ಹಿಡಿದು ನೆಲಕ್ಕೆ ಕುಟ್ಟಿದ್ದರು. ಒಂದೆರಡು ಸಲ ಅಲ್ಲ. ಬಹಳ ಹೊತ್ತು.

ಮೂವತ್ತು ವರ್ಷ ಲೋಹ, ಪ್ಲಾಸ್ಟಿಕ್ ತಿಕ್ಕಿದ ಫಿಟ್ಟರ ಕೈ ಇದನ್ನು ಮುಟ್ಟಿ 'ಬಿದ್ದಿರಬೇಕು' ಅನ್ನುತ್ತದೆಯೇ?

ಅವಳು ಎದ್ದು ಬೀರುವಿನಿಂದ ವಿದ್ಯಾರ್ಥಿಗಳ ಕಡತ ತೆಗೆದಳು. ಈ ಸಲ ಮೊದಲು ಕಾಗದ. ಶಿಬಿರಕ್ಕೆ ಸೇರುವಾಗ ಪ್ರತಿಯೊಬ್ಬರ ಮನೆಯವರೂ ಸಹಿ ಹಾಕಿದ ಒಪ್ಪಿಗೆ ಪತ್ರಗಳು. ಸ್ಕ್ರೂವಿನದು ತೆಗೆದಳು. 'ತಂದೆಯ ಉದ್ಯೋಗ' ಎಂಬಲ್ಲಿ ಹುಡುಗಿಯ ಅಕ್ಷರದಲ್ಲಿ 'ಯಂತ್ರ ತಜ್ಞರು' ಎಂದಿತ್ತು. ಅದರ ಕೆಳಗೆ ತಂದೆಯ ಸಹಿ. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ತಿರುಗಿ, ಇಡೀ ಹೆಸರಿಗೆ ಒಂದು ಸುತ್ತು ಹಾಕಿ ನಿಂತಿತ್ತು.

ಆ ಸುತ್ತನ್ನು ಅವಳು ನಿನ್ನೆ ಸಂಜೆಯೇ ನೋಡಿದ್ದಳು. ಕೆಲಸದ ದಾಖಲೆ ಪುಸ್ತಕದ ಪ್ರತಿ ಪುಟದ ಕೊನೆಯಲ್ಲಿ.

ಕಡತವನ್ನು ಮುಚ್ಚಿದಳು. ನಿನ್ನೆ ಬೀರು ಒಡೆಯುವಾಗ ಆ ಹುಡುಗಿ ಎಲ್ಲಿ ನಿಂತಿದ್ದಳು ಎಂದು ನೆನಪು ಮಾಡಿಕೊಂಡಳು. ಎರಡನೆಯ ಸಾಲಿನಲ್ಲಿ, ತನ್ನ ಎಡಗಡೆ, ಕೈಯಳತೆಯಲ್ಲಿ.

ಮಹಡಿಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಕೆಳಗೆ, ಸ್ಕ್ರೂ ಒಬ್ಬಳೇ ಕುಳಿತು ಒಂದು ತಂತಿಯ ತುದಿ ಸುಲಿಯುತ್ತಿದ್ದಳು. ಸುಲಿಯುವುದು ಎಂದೋ ಮುಗಿದಿತ್ತು. ಆದರೂ ಸುಲಿಯುತ್ತಿದ್ದಳು.

ತನಿಖೆಗಾರ್ತಿ ಎರಡು ಮೆಟ್ಟಿಲು ಕೆಳಗೆ ಕುಳಿತಳು.

"ನಿಮ್ಮಪ್ಪ ನಿನ್ನ ಹೆಸರು ಹೇಳಲಿಲ್ಲ," ಅಂದಳು.

ತಂತಿ ನಿಂತಿತು.

"ಯಾವ ಅಪ್ಪ?"

"ಎಷ್ಟು ಜನ ಇದ್ದಾರೆ?"

ಹುಡುಗಿ ತಂತಿಯನ್ನು ಮಡಿಲಲ್ಲಿಟ್ಟಳು. ಕಿಟಕಿಯ ಬಿಸಿಲು ಅವಳ ಮಂಡಿಯ ಮೇಲೆ ಬಿದ್ದಿತ್ತು. ಕೆಳಗಿನ ಸಭಾಂಗಣದಲ್ಲಿ ಯಾವುದೋ ತಂಡ ಐದು ನಿಮಿಷದ ಭಾಷಣ ಅಭ್ಯಾಸ ಮಾಡುತ್ತಿತ್ತು; 'ಜಗತ್ತನ್ನೇ ಬದಲಿಸುವ' ಎಂಬಲ್ಲಿಗೆ ಬಂದು ಪ್ರತಿ ಸಲವೂ ತಡವರಿಸುತ್ತಿತ್ತು.

"ನಾನು ಬೈಯೋದಕ್ಕೆ ಬಂದಿಲ್ಲ," ಎಂದಳು ತನಿಖೆಗಾರ್ತಿ. "ನಿನ್ನೆ ಮಾತಾಡಬಾರದ್ದು ಮಾತಾಡಿದವಳು ನಾನು. ಮಾತಾಡಬೇಕಾದ್ದು ಆಡದವಳು ನೀನು. ಇಬ್ಬರದ್ದೂ ಒಂದೇ ತೂಕ."

"ಅವರೇ ಹೇಳಿದ್ದು," ಅಂದಳು ಸ್ಕ್ರೂ ತಟಕ್ಕನೆ. "ಇಲ್ಲಿಗೆ ಸೇರಿದ ದಿನ. 'ನಾನು ನಿನ್ನಪ್ಪ ಅಂತ ಯಾರಿಗೂ ಗೊತ್ತಾಗೋದು ಬೇಡ. ಗೆದ್ದರೆ ಅಪ್ಪ ಮಾಡಿಕೊಟ್ಟ ಅಂತಾರೆ, ನಿನ್ನ ಕೈಕೆಲಸ ನೀರು ಪಾಲಾಗುತ್ತೆ' ಅಂದ್ರು. ನಾನು ಕೇಳಿರಲಿಲ್ಲ. ಅವರಾಗಿಯೇ ಅಂದ್ರು."

"ಸರಿ."

"ನನ್ನನ್ನ ಮೇಡಂ ಅಂತ ಕರೀತಿದ್ರು, ಎಲ್ಲರ ಎದುರಿಗೆ. ಡ್ರಿಲ್ ಕೇಳೋದಕ್ಕೆ ಹೋದರೆ, 'ಸಹಿ ಮಾಡಿ ತಗೊಳ್ಳಿ ಮೇಡಂ' ಅಂತ." ಅವಳ ದನಿ ಸಣ್ಣದಾಯಿತು. "ಅವರು ಹಾಗಂದಾಗ ನಾನು ಬೇಡ ಅನ್ನಬೇಕಿತ್ತು. ಒಂದು ಸಲ ಸುಮ್ಮನೆ ಬಾಯಿಮಾತಿಗಾದರೂ. ಅನ್ನಲಿಲ್ಲ. ಸದ್ಯ ಅಂದುಕೊಂಡೆ. ಅವರಿಗೆ ಅದು ಗೊತ್ತಾಯ್ತು. ನನ್ನ ಮುಖ ನೋಡಿದ್ರು, ಗೊತ್ತಾಯ್ತು."

ತನಿಖೆಗಾರ್ತಿ ಚೀಲವನ್ನು ಪಕ್ಕಕ್ಕೆ ಸರಿಸಿದಳು.

"ನಿನ್ನೆ ಬಾಯಿ ತೆಗೆದಿದ್ದರೆ ಮೊದಲು 'ಅಪ್ಪ' ಅನ್ನಬೇಕಿತ್ತು. ಅದು ಬಾಯಿಗೆ ಬರಲಿಲ್ಲ. ಎಲ್ಲರೂ ನೋಡ್ತಿದ್ರು. ನೀವು ಬೀರುವಿನಿಂದ ಅವರ ಊಟದ ಡಬ್ಬಿ ತೆಗೆದು ಪಕ್ಕಕ್ಕಿಟ್ಟಿರಲ್ಲ? ಅದೇ ಬೆಳಗ್ಗೆ ನಾನೇ ತುಂಬಿಕೊಟ್ಟಿದ್ದು ಅದನ್ನ."

ಡಬ್ಬಿ ತೆಗೆದಿಟ್ಟದ್ದು ತನಿಖೆಗಾರ್ತಿಗೆ ನೆನಪಿತ್ತು. ಅಷ್ಟೇನೂ ಮೆಲ್ಲಗೆ ಇಟ್ಟಿರಲಿಲ್ಲ.

ಕೊನೆಗೆ ಅವಳು ಚೀಲದಿಂದ ಹಿಡಿ ತೆಗೆದು ಮೆಟ್ಟಿಲ ಮೇಲಿಟ್ಟಳು, ಜಜ್ಜಿದ ಅಂಚು ಮೇಲಾಗಿ.

"ಇದನ್ನ ನೆಲಕ್ಕೆ ಕುಟ್ಟಿದ್ದು ಯಾರು?"

ಹುಡುಗಿ ಮುಖವನ್ನು ಎರಡೂ ಕೈಗಳಲ್ಲಿ ಮುಚ್ಚಿಕೊಂಡಳು. ಬೆರಳುಗಳ ಸಂದಿಯಿಂದಲೇ ಹೇಳಿದಳು: "ಟೀಚರ್."

ನಿವೃತ್ತ ಗಣಿತದ ಟೀಚರ್ ಒಬ್ಬರು. ಎರಡು ಬೀದಿ ಆಚೆ, ನೆಲಮಹಡಿಯ ಮನೆಯಲ್ಲಿ ಒಬ್ಬರೇ ಇದ್ದರು. ಹಿಡಿಯನ್ನು ಒಂದು ವಾರ ಅವರ ಊರುಗೋಲಿಗೆ ಹಾಕಿಕೊಟ್ಟಿದ್ದರು. ಅವರು ಬಿದ್ದರೆ ಬಡಿಯಬೇಕಾದ ಫೋನು ಸ್ಕ್ರೂವಿನದು. ವಾರ ಮುಗಿದ ದಿನ ಮಧ್ಯಾಹ್ನ ಹಿಡಿ ವಾಪಸು ತರಲು ಹೋದಾಗ, ಒಳಗಿನಿಂದ ಟಕ್, ಟಕ್ ಎಂಬ ಸದ್ದು ಬರುತ್ತಿತ್ತು.

"ಬೀಗದ ಕೈ ಎಲ್ಲಿಡ್ತಾರೆ ಅಂತ ಗೊತ್ತಿತ್ತು. ಒಳಗೆ ಹೋದೆ. ಸ್ನಾನದ ಮನೇಲಿ ಬಿದ್ದಿದ್ರು. ಬೆಳಗ್ಗೆಯಿಂದ. ಧೊಪ್ ಅಂತ ಬೀಳಲಿಲ್ಲ ಅವರು. ಗೋಡೆ ಹಿಡಕೊಂಡು ಮೆಲ್ಲಗೆ ಜಾರಿದ್ರು. ಜೋರಾಗಿ ಪೆಟ್ಟು ಬಿದ್ದರೆ ಮಾತ್ರ ನಮ್ಮ ಹಿಡಿಗೆ ಗೊತ್ತಾಗೋದು. ಕೋಲು ಗೋಡೆಗೆ ಒರಗಿಸಿದಾಗಲೆಲ್ಲ ಸುಮ್ಮಸುಮ್ಮನೆ ಫೋನು ಬಡೀತಿತ್ತು. ಅದಕ್ಕೆ ಪೆಟ್ಟಿನ ಮಿತಿ ಏರಿಸಿಬಿಟ್ಟಿದ್ವಿ. ನಾನೇ ಏರಿಸಿದ್ದು."

"ಆಮೇಲೆ?"

"ಯಾರಾದರೂ ಬರಲಿ ಅಂತ ಕೋಲು ತಿರುಗಿಸಿ ಹಿಡಿಯಿಂದ ನೆಲ ಕುಟ್ಟಿದ್ರಂತೆ, ಕೈ ಸೋಲೋವರೆಗೂ. ಅಷ್ಟು ಕುಟ್ಟಿದರೂ ಮಿತಿ ಮುಟ್ಟಲಿಲ್ಲ; ಕೈಯಲ್ಲಿ ಶಕ್ತಿ ಇರಲಿಲ್ಲ." ಅವಳು ಕೈ ತೆಗೆದಳು. ಕಣ್ಣು ಒಣಗಿತ್ತು, ಅಳುವ ಹಕ್ಕೂ ತನಗಿಲ್ಲ ಎಂದುಕೊಂಡವರ ಕಣ್ಣು. "ನನ್ನ ನೋಡಿದ ಕೂಡಲೇ ಅವರು ಮೊದಲು ಅಂದಿದ್ದು ಏನು ಗೊತ್ತಾ? 'ನಿನ್ನ ಸಾಮಾನು ಒಡೆದುಹಾಕಿಬಿಟ್ಟೆನಲ್ಲೇ' ಅಂತ."

"ಕ್ಯಾಪ್ಟನ್‌ಗೆ ಹೇಳಿದೆಯಾ?"

"ಅವತ್ತೇ. ಪುಸ್ತಕದಲ್ಲೂ ಎಲ್ಲ ಬರೆದೆ, ಎರಡು ಪುಟ. ಅವನು ಓದಿದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಹಾಗೆ ಏನಾದರೂ ಮಾಡೋಣ ಅಂದ. ಪ್ರದರ್ಶನ ಮುಗಿದ ಮೇಲೆ ಸರಿ ಮಾಡೋಣ, ಅಲ್ಲೀತನಕ ಬಾಯಿ ಬಿಡಬೇಡ ಅಂದ."

"ನೀನು ಬಿಡಲಿಲ್ಲ."

"ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದಾರಲ್ಲ, ಬೇಗ ಸೋಲಿ ಅಂತ. ಎಂಟು ವಾರದಲ್ಲಿ ಒಬ್ಬರಾದರೂ ಆ ಸಭಾಂಗಣದಲ್ಲಿ ನಿಂತು ಸೋತೆ ಅಂದಿದ್ದು ನಾನು ನೋಡಿಲ್ಲ ಮೇಡಂ. ಬೆಳಗ್ಗೆ ನೀವೇ ಮೊದಲು."

ತನಿಖೆಗಾರ್ತಿ ಹಿಡಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಉಳಿದದ್ದು ಬೇಗ ಬೇಗ ಹೊರಬಂತು. ಕೊನೆಯ ಎರಡು ವಾರ ಮಾದರಿಗಳಿಗೆ ಕಾರ್ಯಾಗಾರದವರ ಕೈ ತಾಗಬಾರದು ಎಂಬುದು ಶಿಬಿರದ ನಿಯಮ. ಬಿರುಕನ್ನು ತಾನೇ ಬೆಸೆಯಲು ಹೋಗಿ ಸ್ಕ್ರೂ ಇನ್ನಷ್ಟು ಕೆಡಿಸಿದ್ದಳು. ಸಂಜೆ ಮನೆಯಲ್ಲಿ ಅಪ್ಪನ ಮುಂದಿಟ್ಟಿದ್ದಳು. ಅವರು ಒಂದು ಮಾತೂ ಕೇಳದೆ ತೆಗೆದುಕೊಂಡಿದ್ದರು. ದಾಖಲೆಗೆ ಸೇರಿಸದೆ ಕೆಲಸ ಮಾಡಿ ಅವರಿಗೆ ಅಭ್ಯಾಸವಿಲ್ಲ. ಬರೆದರು, ಹೆಸರು ಬಿಟ್ಟರು. ಎರಡು ದಿನ ಕಳೆದು ಹಿಡಿ ಎಲ್ಲಿ ಎಂದು ಕ್ಯಾಪ್ಟನ್ ಗದ್ದಲ ಎಬ್ಬಿಸಿದಾಗ, ಸ್ಕ್ರೂ 'ಗೊತ್ತಿಲ್ಲ' ಅಂದುಬಿಟ್ಟಳು. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಮೇಲೆ ಆಗಲಿಲ್ಲ.

"ಪುಸ್ತಕ?"

"ಅದು ನಿಜವಾಗಿಯೂ ಗೊತ್ತಿಲ್ಲ. ಮನೇಲಿ ನನ್ನ ಮೇಜಿನ ಮೇಲಿತ್ತು, ಬೆಳಗ್ಗೆ ಎದ್ದಾಗ ಇರಲಿಲ್ಲ. ಅಲ್ಲ, ಚೀಲದಲ್ಲಿ ಹಾಕಿಕೊಂಡು ಇಲ್ಲಿಗೆ ತಂದಿದ್ನೇನೋ, ಕ್ಯಾಪ್ಟನ್ ತೆಗೆದನೇನೋ ಅಂದುಕೊಂಡೆ." ಅವಳು ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಕಳೆದುಹೋಯ್ತು ಅಂತ ಗೊತ್ತಾದಾಗ ನನಗೆ ಗಾಬರಿ ಆಗಬೇಕಿತ್ತು. ಸಮಾಧಾನ ಆಯ್ತು ಮೇಡಂ. ಆ ಎರಡು ಪುಟ ಹೋಯ್ತಲ್ಲ ಅಂತ. ಎಂಥವಳು ನಾನು?"

"ಏಳು," ಎಂದಳು ತನಿಖೆಗಾರ್ತಿ. "ನಲವತ್ತು ಜನ ಈ ಹಿಡಿ ನಂಬಿಕೊಂಡು ಸ್ನಾನದ ಮನೆಗೆ ಹೋಗೋದಕ್ಕೆ ಮೊದಲು ಟೀಚರ್ ಹತ್ತಿರ ಹೋಗೋಣ. ಪುಸ್ತಕ ಇಲ್ಲದಿದ್ದರೇನು, ಬಿದ್ದವರು ಇದ್ದಾರಲ್ಲ. ಅವರು ಹೇಳಲಿ, ನಾನು ಬರೆದುಕೊಳ್ತೀನಿ. ಮುಖ್ಯಸ್ಥರ ಮುಂದೆ ಇಬ್ಬರೂ ಹೋಗಿ ಇಡೋಣ."

"ಆಮೇಲೆ ಅಪ್ಪ?"

"ನಿಮ್ಮಪ್ಪನ ಹತ್ತಿರ ನಾನು ಕ್ಷಮೆ ಕೇಳಿದ್ದಾಯ್ತು. ಮುಂದಿನ ಸರದಿ ನಿನ್ನದು."

ಬಿಸಿಲಿಗೆ ಬೀದಿ ಖಾಲಿಯಾಗಿತ್ತು. ದಾರಿಯುದ್ದಕ್ಕೂ ಹುಡುಗಿ ಗೋಡೆಯ ನೆರಳಲ್ಲೇ ನಡೆದಳು.

ಟೀಚರೇ ಬಾಗಿಲು ತೆರೆದರು. ಗಿಡ್ಡ ಆಳು, ಚುರುಕು ಕಣ್ಣು. ಬಲ ಮುಂಗೈ ಮೇಲೆ ಹಳದಿಗೆ ತಿರುಗುತ್ತಿದ್ದ ದೊಡ್ಡ ಕಲೆ. ಸ್ಕ್ರೂವನ್ನು ನೋಡಿ ನಕ್ಕರು. ಹಿಂದೆ ನಿಂತಿದ್ದವಳನ್ನು ನೋಡಿ ನಗು ಅರ್ಧಕ್ಕೆ ನಿಂತಿತು.

ಒಳಗೆ ಮೂರು ಕುರ್ಚಿ, ಒಂದು ಗೋಡೆ ತುಂಬ ಪುಸ್ತಕ, ಕಿಟಕಿಯ ಹತ್ತಿರ ಅರ್ಧ ಮಾಡಿದ ಪದಬಂಧ. ಸ್ನಾನದ ಮನೆಯ ಬಾಗಿಲು ತೆರೆದಿತ್ತು. ಒಳಗೆ ನೆಲದ ಒಂದು ಟೈಲ್, ಮೂಲೆಯಲ್ಲಿ, ನಕ್ಷತ್ರದ ಹಾಗೆ ಒಡೆದಿತ್ತು. ಗೋಡೆಗೆ ಹೊಸದಾಗಿ ಒಂದು ಕಬ್ಬಿಣದ ಹಿಡಿಕಂಬಿ ಕೂರಿಸಿದ್ದರು. ಬೆಸುಗೆ ಅಚ್ಚುಕಟ್ಟಾಗಿತ್ತು. ಅಂಚನ್ನೆಲ್ಲ ಅರದಿಂದ ತಿಕ್ಕಿ ನಯ ಮಾಡಿದ್ದರು.

ತನಿಖೆಗಾರ್ತಿ ಆ ಕಂಬಿಯನ್ನು ನೋಡಿದಳು. ಬೆಳಗ್ಗೆ ಕಂಡ ಅರ ನೆನಪಾಯಿತು.

"ಟೀಚರ್, ಅವತ್ತು ಬಿದ್ದಿರಲ್ಲ," ಎಂದು ಶುರು ಮಾಡಿದಳು. "ಏನಾಯಿತು ಅಂತ ನಿಮ್ಮ ಬಾಯಿಂದಲೇ..."

"ಅದನ್ನ ಆಗಲೇ ಬರೆದುಕೊಟ್ಟಾಯ್ತಲ್ಲ," ಎಂದರು ಟೀಚರ್. ಕಣ್ಣು ಪದಬಂಧದ ಕಡೆ ಹೋಯಿತು. "ಮತ್ತೆ ಯಾಕೆ?"

"ಬರೆದುಕೊಟ್ರಾ? ಯಾರಿಗೆ?"

"ನೀಲಿ ಪುಸ್ತಕದಲ್ಲಿ. ಈ ಮಗು ಬರೆದಿದ್ದ ಎರಡು ಪುಟದ ಕೆಳಗೆ. 'ಬಿದ್ದ ದಿನ ನಾನೇ ಹಿಡಿಯನ್ನು ಆಫ್ ಮಾಡಿ ಇಟ್ಟಿದ್ದೆ, ಹಿಡಿಯ ತಪ್ಪಲ್ಲ' ಅಂತ. ಸಹಿ ಹಾಕಿದೆ."

"ಆಫ್ ಮಾಡಿದ್ರಾ?"

ಟೀಚರ್ ಪದಬಂಧದ ಹಾಳೆಯನ್ನು ಮಡಚಿಟ್ಟರು.

"ಇಲ್ಲ," ಎಂದರು. "ಲೆಕ್ಕ ತಪ್ಪಿದರೆ ಪೂರ್ತಿ ಹೊಡೆದುಹಾಕಿ ಮತ್ತೆ ಮಾಡಿ ಅಂತ ಮೂವತ್ತೆಂಟು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಈ ವಯಸ್ಸಿನಲ್ಲಿ ಸುಳ್ಳಿಗೆ ಸಹಿ ಹಾಕಿದೆ. ಬಿದ್ದೆ ಅಂತ ನನ್ನ ಮಗನಿಗೆ ಗೊತ್ತಾದರೆ ನಾಳೆಯೇ ಈ ಮನೆ ಬಿಡಿಸಿ ಆಶ್ರಮಕ್ಕೆ ಸೇರಿಸ್ತಾನೆ. ಅವನಿಗೆ ಹೇಳೋದಿಲ್ಲ ಅಂದ್ರು ಅವರು. ಬರೆಯದಿದ್ದರೆ ಹೇಳ್ತೀನಿ ಅಂತಲೂ ಅನ್ನಲಿಲ್ಲ. ಹೇಳೋದಿಲ್ಲ ಅಂದ್ರು, ಅಷ್ಟೇ. ಅಷ್ಟು ಸಾಕಾಯ್ತು ನನಗೆ. ಒಳ್ಳೆ ಮನುಷ್ಯ, ಅರ್ಧ ದಿನ ಕೂತು ಕಂಬಿ ಹಾಕಿಕೊಟ್ಟು ಹೋದರು."

"ಯಾರು?" ಎಂದಳು ತನಿಖೆಗಾರ್ತಿ. ಉತ್ತರ ಅವಳಿಗೆ ಗೊತ್ತಿತ್ತು. ಅದೇ ಬೆಳಗ್ಗೆ ಮೂವತ್ತು ಜನರ ಮುಂದೆ ನಿಂತು, ಇವರು ಏನನ್ನೂ ಕದ್ದಿಲ್ಲ ಎಂದು ಹೇಳಿ ಬಂದಿದ್ದಳು.

ಟೀಚರ್ ಅಚ್ಚರಿಯಿಂದ ಸ್ಕ್ರೂವಿನ ಕಡೆ ತಿರುಗಿದರು.

"ನಿನ್ನಪ್ಪ ಕಣಮ್ಮ! ಪುಸ್ತಕ ತಂದಿದ್ದೂ ಅವರೇ, ವಾಪಸು ತಗೊಂಡು ಹೋದದ್ದೂ ಅವರೇ. ಮಗಳೇ ಕಳಿಸಿದ್ದಾಳೆ ಅಂದ್ರಲ್ಲ. ಕಳಿಸಿದ್ದು ನೀನು ತಾನೇ?"

ಹುಡುಗಿ ಸ್ನಾನದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಇಲ್ಲ ಎಂದರೆ ಅಪ್ಪ ಸುಳ್ಳುಗಾರ. ಹೌದು ಎಂದರೆ, ಮೆಟ್ಟಿಲ ಮೇಲೆ ಕುಳಿತು ಅವಳು ಆಡಿದ್ದೆಲ್ಲ ಸುಳ್ಳು.

"ಹೇಳು," ಎಂದಳು ತನಿಖೆಗಾರ್ತಿ ಮೆಲ್ಲಗೆ. "ಕಳಿಸಿದೆಯಾ?"

"ನಮ್ಮಪ್ಪ," ಎಂದಳು ಹುಡುಗಿ. ಆ ಮೂರು ಅಕ್ಷರ ನುಂಗಿಕೊಂಡು ಮತ್ತೆ ಜೋರಾಗಿ ಅಂದಳು, "ನಮ್ಮಪ್ಪ ಸುಳ್ಳು ಹೇಳೋರಲ್ಲ. ನಾನೇ ಕಳಿಸಿದ್ದು. ಪುಸ್ತಕ ತೆಗೆದಿಟ್ಟಿದ್ದೂ ನಾನೇ, ಟೀಚರ್ ಹತ್ತಿರ ಬರೆಸಿದ್ದೂ ನಾನೇ. ಬರೆದುಕೊಳ್ಳಿ ಮೇಡಂ. ಅದರಲ್ಲಿ ಅವರ ಹೆಸರು ಎಲ್ಲೂ ಬರಬಾರದು."

ತನಿಖೆಗಾರ್ತಿಯ ಮಡಿಲಲ್ಲಿ ಕಾಗದ ಇತ್ತು, ಪೆನ್ನಿನ ಮುಚ್ಚಳವೂ ತೆಗೆದಿತ್ತು. ಟೀಚರ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದರು. ಹುಡುಗಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

"ಬರೆದುಕೊಳ್ಳಿ," ಎಂದಳು ಮತ್ತೊಮ್ಮೆ.